ಮದ್ಯ ಮುಟ್ಟದ ಮನೆಗೂ ಬರುವ ಯಕೃತ್ತಿನ ಕ್ಯಾನ್ಸರ್

ಕಳೆದ ಮಳೆಗಾಲದ ಒಂದು ಸಂಜೆ ಇಪ್ಪತ್ತಾರು ವರ್ಷದ ಯುವಕನೊಬ್ಬ ನನ್ನ ಕ್ಲಿನಿಕ್‌ಗೆ ಬಂದ. ಗಲ್ಫ್‌ಗೆ ಹೋಗುವವರಿಗೆ ಮಾಡುವ ವೈದ್ಯಕೀಯ ತಪಾಸಣೆಯ ಕಾಗದ ಅವನ ಕೈಯಲ್ಲಿತ್ತು. ಅದರಲ್ಲಿ 'ಅನ್‌ಫಿಟ್' ಎಂದು ಬರೆದಿತ್ತು. ಕಾರಣ, ಹೆಪಟೈಟಿಸ್ ಬಿ ಪಾಸಿಟಿವ್.

"ಹಕೀಮ್ ಸಾಬ್, ಮೂರು ತಿಂಗಳ ನಂತರ ಇನ್ನೊಮ್ಮೆ ಟೆಸ್ಟ್ ಕೊಡ್ತೀನಿ. ಅಷ್ಟರೊಳಗೆ ರಿಪೋರ್ಟ್ ಕ್ಲೀನ್ ಆಗುವಂಥ ದವಾ ಕೊಡಿ" ಎಂದ. ಅಂಥ ಔಷಧ ನನ್ನ ಬಳಿ ಇಲ್ಲ, ಯಾರ ಬಳಿಯೂ ಇಲ್ಲ ಎಂದೆ. ವೀಸಾ ವಿಷಯ ಬದಿಗಿಡು, ಮೊದಲು ನಿನ್ನ ಯಕೃತ್ತಿನ ಸ್ಥಿತಿ ಏನೆಂದು ನೋಡೋಣ ಎಂದಾಗ ಅವನಿಗೆ ಸಿಟ್ಟು ಬಂತು. "ನಾನು ಶರಾಬು ಮುಟ್ಟಿದವನಲ್ಲ. ಬೀಡಿ ಕೂಡ ಸೇದಿಲ್ಲ. ನನ್ನ ಲಿವರ್‌ಗೆ ಏನಾಗುತ್ತೆ?" ಎಂದು ಕೇಳಿದ.

ಈ ಲೇಖನ ಬರೆಯಲು ಅವನ ಆ ಪ್ರಶ್ನೆಯೇ ಕಾರಣ. ಲಿವರ್ ಹಾಳಾಗುವುದು ಕುಡುಕರಿಗೆ ಮಾತ್ರ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಹಳ ಗಟ್ಟಿಯಾಗಿದೆ. ಮದ್ಯ ಹರಾಮ್, ನಾವು ಅದರಿಂದ ದೂರ ಇದ್ದೇವೆ, ಆದ್ದರಿಂದ ನಮ್ಮ ಯಕೃತ್ತಿಗೆ ಅಪಾಯವಿಲ್ಲ ಎಂದು ನಿಶ್ಚಿಂತೆಯಿಂದ ಇರುತ್ತೇವೆ. ಮದ್ಯದಿಂದ ದೂರವಿರುವುದು ಯಕೃತ್ತಿಗೆ ದೊಡ್ಡ ರಕ್ಷಣೆ ಎಂಬುದರಲ್ಲಿ ಸಂಶಯವೇ ಇಲ್ಲ. ಆದರೆ ಯಕೃತ್ತಿನ ಕ್ಯಾನ್ಸರ್‌ಗೆ ಮದ್ಯ ಒಂದೇ ದಾರಿಯಲ್ಲ. ಉಳಿದ ದಾರಿಗಳು ನಮ್ಮ ಮನೆಗಳಲ್ಲೂ ತೆರೆದೇ ಇವೆ. ಅವುಗಳ ಬಗ್ಗೆ ನಾವು ಮಾತಾಡುತ್ತಿಲ್ಲ ಎಂಬುದೇ ನನ್ನ ದೂರು.

ಸದ್ದಿಲ್ಲದ ಅಂಗ

ಯೂನಾನಿ ವೈದ್ಯಪದ್ಧತಿಯಲ್ಲಿ ಜಿಗರ್ ಅಂದರೆ ಯಕೃತ್ತನ್ನು ಹೃದಯ ಮತ್ತು ಮೆದುಳಿನ ಜೊತೆ 'ಅಅ್‌ಝಾಯೆ ರಯೀಸಾ', ಅಂದರೆ ದೇಹದ ಮುಖ್ಯ ಅಂಗಗಳ ಸಾಲಿನಲ್ಲಿ ಇಡಲಾಗಿದೆ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಪೋಷಣೆಯ ಶಕ್ತಿಗೆ ಇದೇ ನೆಲೆ ಎಂದು ವಿವರಿಸಿದ್ದಾರೆ. ಇಂದಿನ ವಿಜ್ಞಾನವೂ ಅದನ್ನು ದೇಹದ ದೊಡ್ಡ ಕಾರ್ಖಾನೆ ಎಂದೇ ಕರೆಯುತ್ತದೆ.

ಆದರೆ ಈ ಅಂಗಕ್ಕೆ ಒಂದು ಗುಣವಿದೆ. ಅದು ಬಹಳ ಕಾಲ ಸಹಿಸುತ್ತದೆ. ಯಕೃತ್ತಿನ ಒಳಗೆ ನೋವು ತಿಳಿಸುವ ನರಗಳಿಲ್ಲ. ಅದರ ಹೊರಪೊರೆ ಹಿಗ್ಗಿದಾಗ ಮಾತ್ರ ನೋವು ಗೊತ್ತಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಹಾಳಾದರೂ ಮನುಷ್ಯ ಅಂಗಡಿಗೆ ಹೋಗಿ ಬರುತ್ತಾನೆ, ಐದು ಹೊತ್ತಿನ ನಮಾಝ್ ಮಾಡುತ್ತಾನೆ, ಉಪವಾಸ ಹಿಡಿಯುತ್ತಾನೆ. ಹೊಟ್ಟೆ ಉಬ್ಬಿ, ತೂಕ ಇಳಿದು, ಕಣ್ಣು ಹಳದಿಯಾಗಿ ಬರುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 8.6 ಲಕ್ಷ ಜನರಿಗೆ ಹೊಸದಾಗಿ ಯಕೃತ್ತಿನ ಕ್ಯಾನ್ಸರ್ ಪತ್ತೆಯಾಯಿತು, ಅದೇ ವರ್ಷ ಸುಮಾರು 7.5 ಲಕ್ಷ ಜನ ಅದರಿಂದ ತೀರಿಕೊಂಡರು. ಈ ಎರಡು ಅಂಕಿಗಳು ಇಷ್ಟು ಹತ್ತಿರ ಇರುವುದಕ್ಕೆ ತಡವಾಗಿ ತಿಳಿಯುವುದೇ ದೊಡ್ಡ ಕಾರಣ.

ಇನ್ನೊಂದು ಮಾತು. ಈ ಕ್ಯಾನ್ಸರ್ ಸಾಮಾನ್ಯವಾಗಿ ಆರೋಗ್ಯವಂತ ಯಕೃತ್ತಿನಲ್ಲಿ ಇದ್ದಕ್ಕಿದ್ದಂತೆ ಹುಟ್ಟುವುದಿಲ್ಲ. ವರ್ಷಗಟ್ಟಲೆ ಉರಿಯೂತ ನಡೆದು, ಗಾಯದ ಕಲೆ ಕಟ್ಟಿದಂತೆ ಯಕೃತ್ತು ಗಟ್ಟಿಯಾಗುತ್ತದೆ. ಇದನ್ನು ಸಿರೋಸಿಸ್ ಎನ್ನುತ್ತಾರೆ. ಬಹುಪಾಲು ಗೆಡ್ಡೆಗಳು ಬೆಳೆಯುವುದು ಇಂಥ ಯಕೃತ್ತಿನಲ್ಲಿ. ಅಂದರೆ ತಡೆಯಲು ನಮಗೆ ಹತ್ತಿಪ್ಪತ್ತು ವರ್ಷಗಳ ಅವಕಾಶವಿರುತ್ತದೆ. ಆ ಅವಕಾಶವನ್ನು ನಾವು ಕಳೆದುಕೊಳ್ಳುತ್ತಿದ್ದೇವೆ.

ತಾಯಿಯಿಂದ ಮಗುವಿಗೆ

ಆ ಯುವಕನಿಗೆ ಸೋಂಕು ಎಲ್ಲಿಂದ ಬಂತು? ನಾನು ಅವನ ಮನೆಯವರನ್ನೆಲ್ಲ ಪರೀಕ್ಷೆ ಮಾಡಿಸಲು ಹೇಳಿದೆ. ಒಪ್ಪಿಸಲು ಮೂರು ವಾರ ಬೇಕಾಯಿತು. ತಾಯಿಗೆ ಪಾಸಿಟಿವ್, ಅಣ್ಣನಿಗೆ ಪಾಸಿಟಿವ್, ತಂಗಿಗೆ ನೆಗೆಟಿವ್. ತಾಯಿಯ ಯಕೃತ್ತು ಆಗಲೇ ಗಟ್ಟಿಯಾಗಲು ಶುರುವಾಗಿತ್ತು. ಆಗ ಅವರು ನೆನಪಿಸಿಕೊಂಡರು, ಅವರ ಸ್ವಂತ ಅಣ್ಣ ನಲವತ್ತೈದನೇ ವಯಸ್ಸಿಗೆ ಹೊಟ್ಟೆ ಉಬ್ಬಿ ತೀರಿಕೊಂಡಿದ್ದರಂತೆ. ನಝರ್ ತಾಗಿದೆ ಎಂದು ಮನೆಯವರು ಅಂದುಕೊಂಡಿದ್ದರು.

ಹೆಪಟೈಟಿಸ್ ಬಿ ವೈರಸ್ ಕುಟುಂಬದಲ್ಲಿ ಇಳಿದು ಬರುವುದು ಹೀಗೆ. ಸೋಂಕಿತ ತಾಯಿಯಿಂದ ಹೆರಿಗೆಯ ಹೊತ್ತಿಗೆ ಮಗುವಿಗೆ ದಾಟುತ್ತದೆ. ದೊಡ್ಡವರಾದ ಮೇಲೆ ಸೋಂಕು ತಗುಲಿದರೆ ನೂರರಲ್ಲಿ 95ಕ್ಕೂ ಹೆಚ್ಚು ಜನರ ದೇಹ ಅದನ್ನು ತಾನೇ ಹೊರಹಾಕುತ್ತದೆ. ಆದರೆ ಹುಟ್ಟುವಾಗಲೇ ತಗುಲಿದ ಶಿಶುಗಳಲ್ಲಿ ನೂರಕ್ಕೆ ಸುಮಾರು 90ರಲ್ಲಿ ಅದು ಶಾಶ್ವತವಾಗಿ ಉಳಿದುಬಿಡುತ್ತದೆ. ಈ ವೈರಸ್ ಸಿರೋಸಿಸ್ ಆಗದಿದ್ದರೂ ನೇರವಾಗಿ ಕ್ಯಾನ್ಸರ್ ತರಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಇದ್ದವರು ಸುಮಾರು 2.98 ಕೋಟಿ, ಹೆಪಟೈಟಿಸ್ ಸಿ ಇದ್ದವರು ಸುಮಾರು 55 ಲಕ್ಷ. ಇವರಲ್ಲಿ ಹೆಚ್ಚಿನವರಿಗೆ ತಮಗೆ ಸೋಂಕಿದೆ ಎಂಬುದೇ ಗೊತ್ತಿಲ್ಲ.

ಇದನ್ನು ತಡೆಯುವ ಲಸಿಕೆ ನಮ್ಮ ಕೈಯಲ್ಲಿದೆ. ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್, ಆಮೇಲೆ 6, 10 ಮತ್ತು 14ನೇ ವಾರ ಪೆಂಟಾವೇಲೆಂಟ್ ಲಸಿಕೆಯ ಜೊತೆ. 2011ರ ಹೊತ್ತಿಗೆ ಇದು ದೇಶದ ಎಲ್ಲೆಡೆ ಉಚಿತ ಲಸಿಕಾ ಕಾರ್ಯಕ್ರಮದಲ್ಲಿ ಸೇರಿತು. ತೈವಾನ್ 1984ರಲ್ಲೇ ನವಜಾತ ಶಿಶುಗಳಿಗೆ ಈ ಲಸಿಕೆ ಶುರು ಮಾಡಿತ್ತು. ಹದಿಮೂರು ವರ್ಷ ಕಳೆಯುವಷ್ಟರಲ್ಲಿ ಅಲ್ಲಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಇಳಿದದ್ದು ಅಂಕಿಅಂಶಗಳಲ್ಲಿ ಕಂಡಿತು. ಕ್ಯಾನ್ಸರ್ ತಡೆದ ಲಸಿಕೆ ಎಂದು ಧೈರ್ಯವಾಗಿ ಹೇಳಬಹುದಾದ ಮೊದಲ ಲಸಿಕೆ ಇದು. ಲಸಿಕೆಯ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಬರುವ ಸಂದೇಶ ನೋಡಿ ಹಿಂದೆ ಸರಿಯುವ ತಂದೆತಾಯಿಗಳಿಗೆ ನನ್ನ ವಿನಂತಿ ಇಷ್ಟೆ. ನಿಮ್ಮ ಮಗುವಿಗೆ ಇದೊಂದು ಡೋಸ್ ತಪ್ಪಿಸಬೇಡಿ. ಹೆರಿಗೆ ಮನೆಯಲ್ಲೇ ಆಗಿದ್ದರೆ ಅದೇ ದಿನ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಖಾಸಗಿ ಆಸ್ಪತ್ರೆಯಾಗಿದ್ದರೆ ಮೊದಲ ದಿನದ ಡೋಸ್ ಹಾಕಿದ್ದಾರೆಯೇ ಎಂದು ಬಾಯಿಬಿಟ್ಟು ಕೇಳಿ.

ಬ್ಲೇಡು, ಸೂಜಿ, ಕತ್ತಿ

ಬಿ ಮತ್ತು ಸಿ ವೈರಸ್‌ಗಳು ರಕ್ತದ ಮೂಲಕ ಹರಡುತ್ತವೆ. ಬಿ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಜೀವಂತ ಇರಬಲ್ಲದು, ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಈಗ ನಮ್ಮ ಬದುಕಿನಲ್ಲಿ ಬ್ಲೇಡು ಎಲ್ಲೆಲ್ಲಿ ಬರುತ್ತದೆ ಎಂದು ಯೋಚಿಸಿ. ಅಕೀಕಾದ ದಿನ ಮಗುವಿನ ತಲೆ ಬೋಳಿಸುವುದು. ಖತ್ನಾ. ಹೆಣ್ಣುಮಕ್ಕಳ ಕಿವಿ, ಮೂಗು ಚುಚ್ಚುವುದು. ಕ್ಷೌರದ ಅಂಗಡಿಯಲ್ಲಿ ಗಡ್ಡ ಸರಿಮಾಡಿಸುವುದು. ಹಜ್ ಮತ್ತು ಉಮ್ರಾದಲ್ಲಿ ತಲೆ ಬೋಳಿಸಿಕೊಳ್ಳುವುದು. ಇವು ಯಾವುದನ್ನೂ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಹೊಸ ಬ್ಲೇಡು ನಮ್ಮ ಕಣ್ಣೆದುರೇ ಬಿಚ್ಚಬೇಕು, ಉಪಕರಣ ಸರಿಯಾಗಿ ಸ್ಟೆರಿಲೈಸ್ ಆಗಿರಬೇಕು ಎನ್ನುವುದಷ್ಟೇ ಮಾತು. ಹಾಜಿಗಳು ಪರವಾನಗಿ ಇರುವ ಕ್ಷೌರಿಕರ ಬಳಿಯೇ ಹೋಗಲಿ, ರಸ್ತೆ ಬದಿಯಲ್ಲಿ ಒಂದೇ ಬ್ಲೇಡಿನಲ್ಲಿ ಹತ್ತು ತಲೆ ಬೋಳಿಸುವವರ ಬಳಿ ಕೂರದಿರಲಿ.

ನನ್ನ ಕ್ಷೇತ್ರದ ಹಿಜಾಮಾಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇತ್ತೀಚೆಗೆ ಮದುವೆ ಹಾಲ್‌ಗಳಲ್ಲಿ, ಮನೆಗಳಲ್ಲಿ ಹಿಜಾಮಾ ಶಿಬಿರ ನಡೆಸುವುದು ಹೆಚ್ಚಾಗಿದೆ. ಎರಡು ದಿನ ಕಲಿತವರು ಒಂದೇ ಕಪ್‌ಗಳನ್ನು ನೀರಿನಲ್ಲಿ ತೊಳೆದು ಮತ್ತೊಬ್ಬರಿಗೆ ಹಾಕುವುದನ್ನು ನಾನೇ ಕಂಡಿದ್ದೇನೆ. ರಕ್ತ ತಾಗಿದ ಕಪ್ಪು ತೊಳೆದರೆ ಶುದ್ಧವಾಗುವುದಿಲ್ಲ. ಒಬ್ಬರಿಗೆ ಒಂದು ಸೆಟ್ ಕಪ್, ಒಂದು ಬ್ಲೇಡು, ಕೈಗೆ ಹೊಸ ಗ್ಲೌಸ್, ಬಳಸಿದ ಮೇಲೆ ಎಲ್ಲವೂ ವೈದ್ಯಕೀಯ ತ್ಯಾಜ್ಯದ ಡಬ್ಬಕ್ಕೆ. ಇಷ್ಟು ಮಾಡಲಾಗದವರು ಹಿಜಾಮಾ ಮಾಡಬಾರದು. ಪುಣ್ಯದ ಕೆಲಸ ಎಂಬ ಭಾವನೆ ವೈರಸ್ಸನ್ನು ಕೊಲ್ಲುವುದಿಲ್ಲ.

ಸೂಜಿಯ ಅಪಾಯ ಎಷ್ಟು ದೊಡ್ಡದು ಎಂಬುದಕ್ಕೆ ಈಜಿಪ್ಟ್ ಸಾಕ್ಷಿ. ಅಲ್ಲಿ ನೈಲ್ ನದಿ ತೀರದ ರೈತರಿಗೆ ಕಾಡುತ್ತಿದ್ದ ಶಿಸ್ಟೊಸೋಮಿಯಾಸಿಸ್ ಎಂಬ ಹುಳುವಿನ ರೋಗಕ್ಕೆ 1950ರ ದಶಕದಿಂದ 1980ರ ದಶಕದವರೆಗೆ ಹಳ್ಳಿ ಹಳ್ಳಿಯಲ್ಲಿ ಇಂಜೆಕ್ಷನ್ ಕೊಟ್ಟರು. ಸಿರಿಂಜ್‌ಗಳನ್ನು ಸರಿಯಾಗಿ ಶುದ್ಧಮಾಡದೆ ಮತ್ತೆ ಮತ್ತೆ ಬಳಸಿದರು. ಉದ್ದೇಶ ಒಳ್ಳೆಯದೇ, ಪರಿಣಾಮ ಮಾತ್ರ ಭಯಾನಕ. ಹೆಪಟೈಟಿಸ್ ಸಿ ಮನೆಮನೆಗೆ ಹರಡಿತು. ಬಹುಪಾಲು ಜನ ಮದ್ಯ ಸೇವಿಸದ ಆ ದೇಶದಲ್ಲಿ ಯಕೃತ್ತಿನ ಕ್ಯಾನ್ಸರ್ ಗಂಡಸರನ್ನು ಅತಿ ಹೆಚ್ಚು ಕಾಡುವ ಕ್ಯಾನ್ಸರ್ ಆಯಿತು. 'ಶರಾಬು ಮುಟ್ಟಿದವನಲ್ಲ' ಎಂದ ಯುವಕನಿಗೆ ನಾನು ಕೊಟ್ಟ ಉತ್ತರ ಇದೇ.

ಅದೇ ಈಜಿಪ್ಟ್ ಇನ್ನೊಂದು ಪಾಠವನ್ನೂ ಕಲಿಸಿತು. 2018-19ರಲ್ಲಿ ಅಲ್ಲಿನ ಸರಕಾರ ಸುಮಾರು 5 ಕೋಟಿ ಜನರ ರಕ್ತ ಪರೀಕ್ಷೆ ಮಾಡಿಸಿ, ಸೋಂಕಿತರಿಗೆ ಉಚಿತ ಮಾತ್ರೆ ಕೊಟ್ಟಿತು. ನೂರಕ್ಕೆ ಹತ್ತರಷ್ಟಿದ್ದ ಸೋಂಕು ನೂರಕ್ಕೆ ಒಂದಕ್ಕಿಂತಲೂ ಕಡಿಮೆಯಾಯಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಸಾಧನೆಯನ್ನು ಅಧಿಕೃತವಾಗಿ ಗುರುತಿಸಿತು. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ ನೂರರಲ್ಲಿ 95 ಮಂದಿ ಪೂರ್ತಿ ಗುಣವಾಗುತ್ತಾರೆ.

ನನ್ನ ತಪ್ಪು, ನಮ್ಮ ವೃತ್ತಿಯ ತಪ್ಪು

ಇತರರಿಗೆ ಬುದ್ಧಿ ಹೇಳುವ ಮೊದಲು ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಪ್ರಾಕ್ಟೀಸ್ ಶುರು ಮಾಡಿದ ಹೊಸತರಲ್ಲಿ ನಮ್ಮೂರಿನ ದರ್ಜಿಯೊಬ್ಬರು ಕಾಮಾಲೆ ಎಂದು ಬಂದರು. ಅರ್ಕೆ ಕಾಸನಿ, ಶರ್ಬತೆ ಬಝೂರಿ ಕೊಟ್ಟೆ, ಪಥ್ಯ ಹೇಳಿದೆ. ಮೂರು ವಾರದಲ್ಲಿ ಕಣ್ಣು ಬೆಳ್ಳಗಾಯಿತು. ಅವರು ಊರೆಲ್ಲ ನನ್ನನ್ನು ಹೊಗಳಿದರು, ನಾನೂ ಬೀಗಿದೆ. ಯಾವ ವೈರಸ್‌ನಿಂದ ಬಂದ ಕಾಮಾಲೆ ಎಂದು ಪರೀಕ್ಷೆ ಮಾಡಿಸಲಿಲ್ಲ. ಒಂಬತ್ತು ವರ್ಷದ ನಂತರ ಅವರು ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದಾಗ ಸ್ಕ್ಯಾನ್‌ನಲ್ಲಿ ದೊಡ್ಡ ಗೆಡ್ಡೆ ಕಂಡಿತು. ಹೆಪಟೈಟಿಸ್ ಬಿ ಪಾಸಿಟಿವ್. ನಾಲ್ಕು ತಿಂಗಳಲ್ಲಿ ತೀರಿಕೊಂಡರು. ಅಂದು ಕಣ್ಣಿನ ಹಳದಿ ಹೋಗಿತ್ತು, ವೈರಸ್ ಹೋಗಿರಲಿಲ್ಲ.

ಕಾಮಾಲೆ ಎಂಬುದು ಲಕ್ಷಣ, ರೋಗದ ಹೆಸರಲ್ಲ. ನಮ್ಮ ಕಡೆ ಹೆಚ್ಚಾಗಿ ಕಾಣುವ ಕಾಮಾಲೆ ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ. ಗರ್ಭಿಣಿಯರಲ್ಲಿ ಇ ಅಪಾಯಕಾರಿ ಎಂಬುದನ್ನು ಬಿಟ್ಟರೆ ಇವು ಬಹುತೇಕ ತಾವಾಗಿಯೇ ಕೆಲವು ವಾರಗಳಲ್ಲಿ ವಾಸಿಯಾಗುತ್ತವೆ. ಆದ್ದರಿಂದಲೇ ಸೊಪ್ಪಿನ ರಸ ಕೊಟ್ಟವರು, ಕೈಗೆ ಬರೆ ಹಾಕಿದವರು, ತಾವೀಝ್ ಕಟ್ಟಿದವರು, ನನ್ನಂತೆ ಶರ್ಬತ್ ಕೊಟ್ಟವರು, ಎಲ್ಲರಿಗೂ ಗುಣಪಡಿಸಿದ ಹೆಸರು ಬರುತ್ತದೆ. ಈ ಹೆಸರಿನ ನೆರಳಲ್ಲಿ ಬಿ ಮತ್ತು ಸಿ ಅಡಗಿ ಕೂರುತ್ತವೆ.

ಕಾಸನಿ, ಮಕೋಯ್ ಮೊದಲಾದವು ನಮ್ಮ ಪದ್ಧತಿಯಲ್ಲಿ ಶತಮಾನಗಳಿಂದ ಬಳಕೆಯಲ್ಲಿವೆ, ಅವುಗಳ ಮೇಲೆ ನನಗೆ ಗೌರವವಿದೆ. ಆದರೆ ಹೆಪಟೈಟಿಸ್ ಬಿ ವೈರಸ್ಸನ್ನು ನೆಗೆಟಿವ್ ಮಾಡುತ್ತೇನೆ, ಯಕೃತ್ತಿನ ಗೆಡ್ಡೆ ಕರಗಿಸುತ್ತೇನೆ ಎಂದು ಯಾವ ಹಕೀಮರಾದರೂ ಹೇಳಿದರೆ ನಂಬಬೇಡಿ. ಹಾಗೆಯೇ ಹೆಸರು, ಅಂಶ, ಕಂಪೆನಿ ಯಾವುದೂ ಬರೆಯದ ಪೊಟ್ಟಣದ ಪುಡಿಗಳು, ಲೋಹದ ಕುಷ್ತಾಗಳು ಈಗಾಗಲೇ ದಣಿದ ಯಕೃತ್ತಿಗೆ ಇನ್ನಷ್ಟು ಹೊರೆ ಹಾಕಬಲ್ಲವು. ಕಾಮಾಲೆ ಎಂದು ಬಂದ ಪ್ರತಿಯೊಬ್ಬರಿಗೂ ಮೊದಲು ರಕ್ತ ಪರೀಕ್ಷೆ, ಆಮೇಲೆ ಔಷಧ ಎಂಬ ನಿಯಮವನ್ನು ನನ್ನ ಯೂನಾನಿ ಸಹೋದ್ಯೋಗಿಗಳೆಲ್ಲ ಪಾಲಿಸಬೇಕು. ಪರೀಕ್ಷೆ ಬರೆದುಕೊಡುವುದರಿಂದ ನಮ್ಮ ಪದ್ಧತಿ ಸಣ್ಣದಾಗುವುದಿಲ್ಲ. ರೋಗಿ ಸತ್ತರೆ ಸಣ್ಣದಾಗುತ್ತದೆ.

ದಾವತ್ತಿನ ತಟ್ಟೆ

ಮದ್ಯವಿಲ್ಲದ ಮನೆಗಳಲ್ಲಿ ಇಂದು ವೇಗವಾಗಿ ಬೆಳೆಯುತ್ತಿರುವುದು ಕೊಬ್ಬಿನ ಯಕೃತ್ತು, ಅಂದರೆ ಫ್ಯಾಟಿ ಲಿವರ್. ಸಕ್ಕರೆ ಕಾಯಿಲೆ ಮತ್ತು ಬೊಜ್ಜು ಇದ್ದವರಿಗೆ ಯಕೃತ್ತಿನ ಕ್ಯಾನ್ಸರ್‌ನ ಸಾಧ್ಯತೆ ಇತರರಿಗಿಂತ ಸುಮಾರು ಎರಡು ಪಟ್ಟು. ನಮ್ಮ ಮದುವೆ, ವಲೀಮಾ, ಮಂಗ್ನಿ, ಇಫ್ತಾರ್ ಕೂಟಗಳನ್ನು ನೋಡಿ. ತುಪ್ಪದ ಬಿರಿಯಾನಿ, ಕರಿದ ಕಬಾಬ್, ಮೇಲೆ ಎರಡು ಬಗೆಯ ಮೀಠಾ, ಜೊತೆಗೆ ಬಾಟಲಿಯ ತಂಪು ಪಾನೀಯ. ಮನೆಯಲ್ಲಿ ದಿನಕ್ಕೆ ಐದಾರು ಸಲ ಸಕ್ಕರೆ ತುಂಬಿದ ಚಹಾ. ಹೆಂಗಸರಿಗೆ ನಡೆಯಲು ಜಾಗವೂ ಇಲ್ಲ, ಬಿಡುವೂ ಇಲ್ಲ. ಗಂಡಸರಿಗೆ ಮಸೀದಿಗೂ ಬೈಕ್ ಬೇಕು.

ಯೂನಾನಿಯಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯಾ' ಎಂದು ಆರೋಗ್ಯದ ಆರು ಅಗತ್ಯಗಳನ್ನು ಹೇಳುತ್ತಾರೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದ್ದು ಮತ್ತು ಹೊರಹೋಗಬೇಕಾದ್ದು. 'ಜಿಗರ್‌ನಲ್ಲಿ ಗರ್ಮಿ ಇದೆ, ಏನಾದರೂ ಶರ್ಬತ್ ಕೊಡಿ' ಎಂದು ಬರುವವರಿಗೆ ನಾನು ಮೊದಲು ಈ ಆರನ್ನೇ ಕೇಳುತ್ತೇನೆ. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ಸೆಂಟಿಮೀಟರ್ ದಾಟಿದ್ದರೆ ಎಚ್ಚರ. ದೇಹದ ತೂಕದಲ್ಲಿ ನೂರಕ್ಕೆ 5ರಷ್ಟು ಇಳಿಸಿದರೂ ಯಕೃತ್ತಿನ ಕೊಬ್ಬು ಕರಗಲು ಶುರುವಾಗುತ್ತದೆ, 7ರಿಂದ 10ರಷ್ಟು ಇಳಿಸಿದರೆ ಉರಿಯೂತವೂ ತಗ್ಗುತ್ತದೆ. ಇದಕ್ಕೆ ಸಮನಾದ ಶರ್ಬತ್ ನನ್ನ ಕಪಾಟಿನಲ್ಲಿಲ್ಲ.

ಬೀಡಿ, ಸಿಗರೇಟ್ ಸೇದುವವರೂ ಕೇಳಬೇಕು. ತಂಬಾಕಿನ ಹೊಗೆ ಶ್ವಾಸಕೋಶಕ್ಕಷ್ಟೇ ಅಲ್ಲ, ಯಕೃತ್ತಿನ ಕ್ಯಾನ್ಸರ್‌ಗೂ ಕಾರಣ ಎಂಬುದು ಸಾಬೀತಾಗಿದೆ.

ಡಬ್ಬದ ಶೇಂಗಾ

ಅಡುಗೆಮನೆಯ ಇನ್ನೊಂದು ಸಂಗತಿ ನಮ್ಮ ತಾಯಂದಿರಿಗೆ ಗೊತ್ತಿರಬೇಕು. ಶೇಂಗಾ, ಮೆಕ್ಕೆಜೋಳ, ಒಣಮೆಣಸಿನಕಾಯಿ, ಕೊಬ್ಬರಿ ತೇವದಲ್ಲಿ ಉಳಿದರೆ ಬರುವ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಯಕೃತ್ತಿನ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಅದು ಮೊದಲ ವರ್ಗದಲ್ಲಿದೆ. 1974ರಲ್ಲಿ ರಾಜಸ್ಥಾನ, ಗುಜರಾತ್‌ನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಹಲವರು ಯಕೃತ್ತು ಕೆಟ್ಟು ಸತ್ತದ್ದು ದಾಖಲಾಗಿದೆ. ಹೆಪಟೈಟಿಸ್ ಬಿ ಇರುವವರ ದೇಹಕ್ಕೆ ಈ ವಿಷವೂ ಸೇರಿದರೆ ಅಪಾಯ ಹಲವು ಪಟ್ಟು ಏರುತ್ತದೆ. ಹುರಿದರೆ, ಬೇಯಿಸಿದರೆ ಅದು ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದದ್ದನ್ನು ಒರೆಸಿ ಬಿಸಿಲಿಗೆ ಹಾಕಿ ಬಳಸುವ ಅಭ್ಯಾಸ ಬಿಡಿ. ಮಳೆಗಾಲದಲ್ಲಿ ಇವನ್ನು ಕಡಿಮೆ ಪ್ರಮಾಣದಲ್ಲಿ ತಂದು, ಒಣಗಿದ ಬಿಗಿ ಡಬ್ಬದಲ್ಲಿಡಿ. ಕಹಿ ಬಂದ ಶೇಂಗಾ ಬಾಯಿಗೆ ಬಂದರೆ ಉಗುಳಿಬಿಡಿ. ಎಸೆದರೆ ಇಸ್ರಾಫ್ ಆಗುತ್ತದೆ ಎಂಬ ಅಳುಕು ಬೇಡ. ವಿಷವನ್ನು ತಿನ್ನುವುದು ಉಳಿತಾಯವಲ್ಲ.

ಮದುವೆಯ ಭಯ

ಪರೀಕ್ಷೆ ಎಂದರೆ ನಮ್ಮವರು ಹಿಂಜರಿಯುವುದು ಹಣಕ್ಕಲ್ಲ, ಮಾನಕ್ಕೆ. 'ಪಾಸಿಟಿವ್ ಎಂದು ಗೊತ್ತಾದರೆ ಮಗಳಿಗೆ ರಿಶ್ತಾ ಬರುವುದಿಲ್ಲ' ಎಂದು ಆ ಯುವಕನ ತಾಯಿ ಅತ್ತರು. ಅವರ ಭಯ ಸುಳ್ಳಲ್ಲ. ಸೋಂಕಿತರ ತಟ್ಟೆ ಬೇರೆ ಇಡುವ, ಮಗುವನ್ನು ಅಪ್ಪಲು ಬಿಡದ ಮನೆಗಳನ್ನು ನಾನು ನೋಡಿದ್ದೇನೆ. ಒಟ್ಟಿಗೆ ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಸಲಾಮ್ ಮಾಡಿ ಅಪ್ಪಿಕೊಳ್ಳುವುದರಿಂದ, ಒಂದೇ ಹೌಝ್‌ನಲ್ಲಿ ವುಝೂ ಮಾಡುವುದರಿಂದ ಈ ರೋಗ ಹರಡುವುದಿಲ್ಲ. ಬ್ಲೇಡು, ಉಗುರು ಕತ್ತರಿಸುವ ಕಟ್ಟರ್, ಟೂತ್‌ಬ್ರಷ್, ಮಿಸ್ವಾಕ್ ಹಂಚಿಕೊಳ್ಳಬಾರದು, ಅಷ್ಟೇ. ಗಂಡ ಅಥವಾ ಹೆಂಡತಿಗೆ ಸೋಂಕಿದ್ದರೆ ಇನ್ನೊಬ್ಬರು ಮೊದಲು ಪರೀಕ್ಷೆ ಮಾಡಿಸಿಕೊಂಡು, ಆರು ತಿಂಗಳಲ್ಲಿ ಮೂರು ಡೋಸ್ ಲಸಿಕೆ ಪಡೆದರೆ ದಾಂಪತ್ಯಕ್ಕೆ ಅಡ್ಡಿಯಿಲ್ಲ. ಗರ್ಭಿಣಿಗೆ ಸೋಂಕಿದ್ದರೆ ಮಗುವಿಗೆ ದಾಟದಂತೆ ತಡೆಯುವ ಚಿಕಿತ್ಸೆಯಿದೆ.

ಮುಚ್ಚಿಟ್ಟು ಮದುವೆ ಮಾಡುವುದು ಅಮಾನತ್‌ಗೆ ಬಗೆದ ದ್ರೋಹ. ಹಾಗೆಯೇ ಒಬ್ಬರ ರಿಪೋರ್ಟನ್ನು ಊರಲ್ಲಿ ಆಡಿಕೊಳ್ಳುವುದೂ ದ್ರೋಹವೇ. ಈ ಎರಡನೆಯ ದ್ರೋಹ ನಿಂತರೆ ಮೊದಲನೆಯದು ತಾನಾಗಿ ಕಡಿಮೆಯಾಗುತ್ತದೆ. ಈ ಮಾತನ್ನು ಜುಮಾ ಖುತ್ಬಾದ ಜೊತೆ ಐದು ನಿಮಿಷ ಹೇಳಲು ನಮ್ಮ ಖತೀಬರಿಗೆ ಕಷ್ಟವಾಗದು. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ನಾವೆಲ್ಲ ಮದ್ರಸದಲ್ಲಿ ಕಲಿತವರೇ ಅಲ್ಲವೇ?

ನನ್ನ ಬೇಡಿಕೆ ಇಷ್ಟು. ಮನೆಯ ಪ್ರತಿ ದೊಡ್ಡವರೂ ಜೀವನದಲ್ಲಿ ಒಮ್ಮೆಯಾದರೂ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಲಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧವೂ ಉಚಿತ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ನೆಗೆಟಿವ್ ಬಂದವರು ಬಿ ಲಸಿಕೆ ಪಡೆಯಿರಿ. ಪಾಸಿಟಿವ್ ಬಂದವರು ಹೆದರಬೇಡಿ, ಎಲ್ಲರಿಗೂ ತಕ್ಷಣ ಮಾತ್ರೆ ಬೇಕಾಗುವುದಿಲ್ಲ, ಆದರೆ ಎಲ್ಲರಿಗೂ ತಜ್ಞರ ತಪಾಸಣೆ ಬೇಕು. ಸಿರೋಸಿಸ್ ಇದ್ದವರು ಮತ್ತು ತಜ್ಞರು ಸೂಚಿಸಿದವರು ಪ್ರತಿ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಬಾರದು. ಗೆಡ್ಡೆ ಸಣ್ಣದಿರುವಾಗ ಸಿಕ್ಕರೆ ತೆಗೆದುಹಾಕುವ ದಾರಿಗಳಿವೆ. ಗಲ್ಫ್ ಮೆಡಿಕಲ್‌ನಲ್ಲಿ 'ಅನ್‌ಫಿಟ್' ಆದ ಹುಡುಗರ ತಂದೆತಾಯಿಗಳಿಗೆ ಒಂದು ಮಾತು. ಆ ಕಾಗದವನ್ನು ಹರಿದು ಹಾಕಿ ಇನ್ನೊಬ್ಬ ಏಜೆಂಟನನ್ನು ಹುಡುಕಬೇಡಿ. ನಿಮ್ಮ ಮಗನ ಜೀವ ಉಳಿಸುವ ಮೊದಲ ಸುಳಿವು ಅದರಲ್ಲಿದೆ.

ಆ ಯುವಕ ಗಲ್ಫ್‌ಗೆ ಹೋಗಲಿಲ್ಲ. ಈಗ ಊರಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನಿಗೆ ಸದ್ಯಕ್ಕೆ ಔಷಧ ಬೇಕಿಲ್ಲ, ಆರು ತಿಂಗಳಿಗೊಮ್ಮೆ ತಪಾಸಣೆ ಸಾಕು ಎಂದಿದ್ದಾರೆ. ಅವನ ಅಮ್ಮಿ ದಿನಕ್ಕೊಂದು ಮಾತ್ರೆ ನುಂಗುತ್ತಾರೆ, ರಕ್ತದಲ್ಲಿ ವೈರಸ್ ಬಹಳ ತಗ್ಗಿದೆ. ತಂಗಿಗೆ ಮೂರೂ ಡೋಸ್ ಮುಗಿದಿದೆ. ಹೋದ ತಿಂಗಳು ಅವನು ಬಂದಾಗ ಜೊತೆಗೆ ಇಬ್ಬರು ಗೆಳೆಯರನ್ನು ಕರೆತಂದಿದ್ದ. "ಇವರಿಗೂ ಟೆಸ್ಟ್ ಬರೆದುಕೊಡಿ ಹಕೀಮ್ ಸಾಬ್, ಇವರೂ ಶರಾಬು ಮುಟ್ಟುವವರಲ್ಲ" ಎಂದ.